ಖಾಲಿ ಕುರ್ಚಿಗೆ ಹಾಡಬೇಡಿ: ಜಾತ್ರೆಯಲ್ಲಿ ಜನ ನಿಂತು ನೋಡುವ ಕಾರ್ಯಕ್ರಮ ಮಾಡುವುದು ಹೇಗೆ

ಗುಬ್ಬಿ ತಾಲ್ಲೂಕಿನ ಸಣ್ಣ ಊರು ನಮ್ಮದು. ಕೆಲವು ವರ್ಷದ ಹಿಂದಿನ ಜಾತ್ರೆ ರಾತ್ರಿ ವೇದಿಕೆ ಮುಂದೆ 500 ಕುರ್ಚಿ ಹಾಕಿಸಿದ್ದೆವು. ಆರ್ಕೆಸ್ಟ್ರಾಗೆ ದುಡ್ಡು ಸುರಿದಿದ್ದೆವು. ಸ್ಪೀಕರ್‌ಗಳನ್ನು ಹುಲ್ಲಿನ ಬಣವೆ ಥರ ಪೇರಿಸಿದ್ದೆವು. ಎಂಟು ಗಂಟೆಗೆ ನಾನೇ ಹಿಂದೆ ನಿಂತು ಎಣಿಸಿದೆ. ಕೂತವರು 43 ಜನ. ಅದರಲ್ಲಿ ಆರು ಜನ ಕಮಿಟಿಯವರು, ಒಬ್ಬ ಎರಡು ಕುರ್ಚಿ ಜೋಡಿಸಿಕೊಂಡು ಮಲಗಿದ್ದ.

ಅದೇ ಹೊತ್ತಿಗೆ ಬಜ್ಜಿ ಅಂಗಡಿ ಪಕ್ಕದಲ್ಲಿ ನಾಲ್ಕು ಜನ ತಮಟೆಯವರು ಬಾರಿಸುತ್ತಿದ್ದರು. ದೇವರ ಮುಂದಿನ ಕೆಲಸ ಮುಗಿದಿತ್ತು, ಸುಮ್ನೆ ಖುಷಿಗೆ. ಅಲ್ಲಿ ಲೈಟೂ ಇರಲಿಲ್ಲ, ಅಂಗಡಿಯ ಬಲ್ಬಿನ ಬೆಳಕೇ ಗತಿ. ಆದರೂ ಸುತ್ತ ಇನ್ನೂರು ಜನ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಕೈಯಲ್ಲಿ ಬಜ್ಜಿ ಪೊಟ್ಟಣ ಹಿಡಿದವರು, ಬಳೆ ಅಂಗಡಿಯಿಂದ ಎದ್ದು ಬಂದ ಹೆಂಗಸರು. ನಮ್ಮ ಗಾಯಕರು ಅಲ್ಲಿ ಖಾಲಿ ಕುರ್ಚಿಗಳಿಗೆ "ಜೋರಾಗಿ ಚಪ್ಪಾಳೆ" ಕೇಳುತ್ತಿದ್ದರು.

ಜಾತ್ರೆಗೆ ಬಂದವರು ನಮ್ಮ ಕಾರ್ಯಕ್ರಮ ನೋಡಲು ಬಂದಿರುವುದಿಲ್ಲ. ತೇರಿಗೆ ಬಾಳೆಹಣ್ಣು ದವನ ಎಸೆದು, ಬೆಂಡು ಬತ್ತಾಸು ಕಟ್ಟಿಸಿಕೊಂಡು, ನೆಂಟರನ್ನು ಮಾತಾಡಿಸಿಕೊಂಡು ಹೋಗುವವರು ಅವರು. ಸಭಾಂಗಣಕ್ಕೆ ಬಂದವರ ಥರ ಕೂತಿರುವುದಿಲ್ಲ, ನಡೆಯುತ್ತಾ ಇರುತ್ತಾರೆ. ಆ ನಡಿಗೆಯನ್ನು ನಿಲ್ಲಿಸುವುದೇ ನಮ್ಮ ಕೆಲಸ. ಅದಕ್ಕೆ ಸದ್ದು ಏರಿಸಿದರೆ ಆಗುವುದಿಲ್ಲ ಅನ್ನುವುದು ಅವತ್ತು ಗೊತ್ತಾಯಿತು. ಆಮೇಲೆ ಐದಾರು ಜಾತ್ರೆಗಳಲ್ಲಿ ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಜಾತ್ರೆ ಕಮಿಟಿಯಲ್ಲೋ, ಯುವಕರ ಸಂಘದಲ್ಲೋ ಇದ್ದರೆ ಉಪಯೋಗಕ್ಕೆ ಬರಬಹುದು.

ಮೊದಲು ನೆಲ ನೋಡಿ

ಖಾಲಿ ಮೈದಾನ ನೋಡಿಕೊಂಡು ವೇದಿಕೆ ಜಾಗ ಗುರುತು ಮಾಡಬೇಡಿ. ಖಾಲಿ ಮೈದಾನ ಏನೂ ಹೇಳುವುದಿಲ್ಲ. ಜಾತ್ರೆ ನಡೆಯುವಾಗಲೇ ಒಂದು ಸಂಜೆ ಎರಡು ಗಂಟೆ ಸುಮ್ಮನೆ ಕೂತು ಜನರ ಕಾಲು ನೋಡಿ. ಎಲ್ಲಿ ನಿಧಾನ ಆಗುತ್ತಾರೆ, ಎಲ್ಲಿ ಸರಸರ ಹೋಗುತ್ತಾರೆ? ನಮ್ಮೂರಲ್ಲಿ ಬಳೆ ಅಂಗಡಿ ಸಾಲು, ಕಬ್ಬಿನ ಹಾಲಿನ ಗಾಡಿ, ಅರಳಿಕಟ್ಟೆ, ಈ ಮೂರು ಕಡೆ ಕಾಲು ತಾನಾಗಿ ನಿಲ್ಲುತ್ತದೆ. ಹಿಂದಿನ ಕಮಿಟಿಯವರು "ಜಾಗ ವಿಶಾಲವಾಗಿದೆ" ಅಂತ ವೇದಿಕೆಯನ್ನು ಊರಾಚೆಯ ಗೋಮಾಳದ ತುದಿಗೆ ಹಾಕುತ್ತಿದ್ದರು. ಅಲ್ಲಿಗೆ ಹೋಗಬೇಕೆಂದರೆ ಹೋಗಲೇಬೇಕು ಅಂತ ಮನಸ್ಸು ಮಾಡಬೇಕು. ಜಾತ್ರೆಯಲ್ಲಿ ಯಾರೂ ಅಷ್ಟು ಮನಸ್ಸು ಮಾಡುವುದಿಲ್ಲ, ಅಲ್ವಾ?

ದಾರಿಯ ಕೊನೆಗಿಂತ ದಾರಿಯ ಪಕ್ಕ ಒಳ್ಳೆಯದು. ನಡೆದು ಹೋಗುವವರಿಗೆ ಓರೆಗಣ್ಣಿಗೆ ಬಣ್ಣ ಕಾಣಿಸಬೇಕು, ಮೂರು ಹೆಜ್ಜೆ ಪಕ್ಕಕ್ಕೆ ಇಟ್ಟರೆ ನೋಡಲು ಸಿಗಬೇಕು, ಬೇಡವಾದರೆ ಅದೇ ಮೂರು ಹೆಜ್ಜೆಯಲ್ಲಿ ವಾಪಸ್ ಹೋಗುವಂತಿರಬೇಕು. ಹೊರಟು ಹೋಗುವುದು ಸುಲಭ ಅಂತ ಗೊತ್ತಿದ್ದರೆ ಜನ ಧೈರ್ಯವಾಗಿ ನಿಲ್ಲುತ್ತಾರೆ. ಸಾಲು ಕುರ್ಚಿಯ ನಡುವೆ ಸಿಕ್ಕಿಕೊಳ್ಳಲು ಯಾರಿಗೂ ಇಷ್ಟವಿಲ್ಲ.

ವೇದಿಕೆ ಜೊತೆಗೆ ನೆಲದ ಮೇಲೆ ಒಂದು ಸುತ್ತು ಬಿಡಿ. 30 ಅಡಿ ಅಡ್ಡಳತೆಯ ವೃತ್ತ, ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಸಾಕು. ಲೆಕ್ಕ ಹಾಕಿ ನೋಡಿ. 30 ಅಡಿ ಅಗಲದ ವೇದಿಕೆ ಮುಂದೆ, ಒಬ್ಬರಿಗೆ ಒಂದೂವರೆ ಅಡಿ ಅಂದರೂ, ಮೊದಲ ಸಾಲಿಗೆ ಸಿಗುವುದು 20 ಜನ. ಅದೇ 30 ಅಡಿಯ ವೃತ್ತದ ಸುತ್ತಳತೆ 94 ಅಡಿ. ಮೊದಲ ಸಾಲಿಗೇ 60ಕ್ಕೂ ಹೆಚ್ಚು ಜನ ಬಂದರು. ಮುಂದಿನವರು ಕೂತು, ಅವರ ಹಿಂದೆ ಎರಡು ಮೂರು ಸಾಲು ನಿಂತರೆ ಮೈಕ್ ಇಲ್ಲದೆಯೇ ಇನ್ನೂರೈವತ್ತು ಜನಕ್ಕೆ ಹತ್ತಿರದಿಂದ ಕಾಣಿಸುತ್ತದೆ. ಇನ್ನೊಂದು ಗುಟ್ಟಿದೆ. ವೃತ್ತದಲ್ಲಿ ನಿಂತವರಿಗೆ ಎದುರು ನಿಂತವರ ಮುಖ ಕಾಣಿಸುತ್ತದೆ. ಅತ್ತ ನಗು ಎದ್ದರೆ ಇತ್ತಲೂ ಏಳುತ್ತದೆ. ದೂರದಿಂದ ನೋಡುವವನಿಗೆ ಬರೀ ಬೆನ್ನುಗಳು ಕಾಣುತ್ತವೆ, ಒಳಗೇನು ಅಂತ ಗೊತ್ತಾಗುವುದಿಲ್ಲ. ಅವನೂ ಬಂದು ತಲೆ ತೂರಿಸುತ್ತಾನೆ. ಬಜ್ಜಿ ಅಂಗಡಿ ಪಕ್ಕದಲ್ಲಿ ಅವತ್ತು ಆದದ್ದು ಇದೇ.

ವೇದಿಕೆ ದಿಕ್ಕು ಮರೆಯಬೇಡಿ. ಸಂಜೆ ಕಾರ್ಯಕ್ರಮವಾದರೆ ನೋಡುವವರ ಮುಖ ಪಡುವಣಕ್ಕೆ ಇರಬಾರದು, ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಉತ್ತರ ದಕ್ಷಿಣವಾಗಿ ಇಟ್ಟರೆ ನೋಡುವವರಿಗೂ ಕುಣಿಯುವವರಿಗೂ ಕ್ಷೇಮ. ಜೈಂಟ್ ವ್ಹೀಲ್‌ನ ಜನರೇಟರ್, ಸಾವಿನ ಬಾವಿಯವರ ಮೈಕು, ಇವುಗಳಿಂದ ಎಷ್ಟು ದೂರ ಆದರೆ ಅಷ್ಟು ಒಳ್ಳೆಯದು. ಅವರ ಜೊತೆ ಸದ್ದಿನಲ್ಲಿ ಗೆದ್ದವರನ್ನು ನಾನು ಕಂಡಿಲ್ಲ.

ಹಾಲು, ಹುಳ, ಪರೀಕ್ಷೆ

ಎಷ್ಟು ಗಂಟೆಗೆ ಶುರು ಮಾಡಬೇಕು? ಕರಪತ್ರದಲ್ಲಿ "ಸಂಜೆ 6 ಗಂಟೆಗೆ ಸರಿಯಾಗಿ" ಅಂತ ಹಾಕುತ್ತೇವೆ. ಆರು ಗಂಟೆಗೆ ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಯಲ್ಲಿ ಜನ ಎಲ್ಲಿರುತ್ತಾರೆ? ಹಸು ಹತ್ತಿರ. ಹಾಲು ಕರೆದು, ಡೇರಿಗೆ ಹಾಕಿ, ಕ್ಯಾನು ತೊಳೆದಿಟ್ಟು, ಕೈಕಾಲು ಮುಖ ತೊಳೆದು ಬರುವಷ್ಟರಲ್ಲಿ ಏಳು. ಹೆಂಗಸರಿಗೆ ಇನ್ನೂ ಅರ್ಧ ಗಂಟೆ ಜಾಸ್ತಿ. ಹಾಗಾಗಿ ಮುಖ್ಯವಾದ ಕಾರ್ಯಕ್ರಮವನ್ನು ಏಳೂವರೆಗೆ ಮೊದಲು ಶುರು ಮಾಡಬೇಡಿ. ನಿಮ್ಮೂರ ಡೇರಿ ಕಾರ್ಯದರ್ಶಿಯನ್ನು ಕೇಳಿದರೆ ಕೊನೆಯ ಕ್ಯಾನು ಎಷ್ಟು ಹೊತ್ತಿಗೆ ಬರುತ್ತದೆ ಅಂತ ನಿಮಿಷ ಸಮೇತ ಹೇಳುತ್ತಾರೆ.

ನಮ್ಮ ಅಕ್ಕನನ್ನು ಶಿಡ್ಲಘಟ್ಟದ ಕಡೆ ಕೊಟ್ಟಿದ್ದೇವೆ. ಅಲ್ಲಿನ ಲೆಕ್ಕವೇ ಬೇರೆ. ರೇಷ್ಮೆ ಹುಳ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವ ದಿನ ಬಂದರೆ ಮನೆಯ ಒಬ್ಬರೂ ಹೊರಗೆ ಕಾಲಿಡುವುದಿಲ್ಲ, ಯಾವ ಆರ್ಕೆಸ್ಟ್ರಾ ಬಂದರೂ ಅಷ್ಟೇ. ಎಲ್ಲ ಮನೆಯಲ್ಲೂ ಒಂದೇ ದಿನ ಹಣ್ಣಾಗುವುದಿಲ್ಲ ನಿಜ. ಆದರೆ ಮರಿಹುಳ ಸಾಕಿ ಕೊಡುವ ಒಂದೇ ಚಾಕಿ ಕೇಂದ್ರದಿಂದ ಒಂದೇ ಸಲ ಹುಳ ತಂದ ಊರಾದರೆ ಅರ್ಧ ಊರು ಖಾಲಿ. ಜಾತ್ರೆ ತಾರೀಕು ಪಂಚಾಂಗದ ಪ್ರಕಾರ ಬರುತ್ತದೆ, ಬದಲಿಸಲಾಗದು. ಆದರೆ ಮೂರು ದಿನದ ಜಾತ್ರೆಯಲ್ಲಿ ದೊಡ್ಡ ಕಾರ್ಯಕ್ರಮ ಯಾವ ದಿನ ಅನ್ನುವುದು ನಮ್ಮ ಕೈಯಲ್ಲೇ ಇದೆ.

ಪರೀಕ್ಷೆ ಕಾಲವನ್ನೂ ನೋಡಿ. ಶಿವರಾತ್ರಿಯಿಂದ ಯುಗಾದಿಯವರೆಗೆ ನಮ್ಮಲ್ಲಿ ಜಾತ್ರೆಯ ಸುಗ್ಗಿ. ಸಿದ್ಧಗಂಗೆಯಲ್ಲಿ, ಆವನಿಯಲ್ಲಿ, ನಂದಿಯಲ್ಲಿ ಶಿವರಾತ್ರಿಗೇ ಜಾತ್ರೆ. ಅದೇ ಸಮಯಕ್ಕೆ ಮಕ್ಕಳಿಗೆ ಪಿಯುಸಿ, ಎಸ್ಸೆಸ್ಸೆಲ್ಸಿ. ಮನೆಯಲ್ಲಿ ಒಬ್ಬ ಓದುತ್ತಿದ್ದರೆ ಆ ಮನೆಯವರು ಕಾರ್ಯಕ್ರಮಕ್ಕೂ ಬರುವುದಿಲ್ಲ, ಆಮೇಲೆ ವರ್ಷವಿಡೀ ಬೈಯುವುದನ್ನೂ ಬಿಡುವುದಿಲ್ಲ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತಾರೆ. ಅದಕ್ಕೂ ಮುಂಚಿನ ಜಾತ್ರೆಯಾದರೆ ಒಂಬತ್ತೂವರೆ ಮೇಲೆ ಮಕ್ಕಳಿರುವವರು ನಿಲ್ಲುವುದಿಲ್ಲ. ಮಕ್ಕಳಿಗೆ ಇಷ್ಟವಾಗುವುದನ್ನೆಲ್ಲ ಅಷ್ಟರೊಳಗೆ ಮುಗಿಸಿ.

ಯಾರನ್ನು ಕರೆಸುವುದು

ಕಮಿಟಿ ಸಭೆಯಲ್ಲಿ ಮೊದಲು ಬರುವ ಹೆಸರು ಆರ್ಕೆಸ್ಟ್ರಾ, ಅಂದರೆ ರಸಮಂಜರಿ. ಬೇಡ ಅನ್ನುವುದಿಲ್ಲ. ಆದರೆ ದುಡ್ಡೆಲ್ಲಾ ಅದಕ್ಕೇ ಹಾಕಬೇಡಿ. ಸಿನಿಮಾ ಹಾಡು ಎಲ್ಲರ ಜೇಬಿನಲ್ಲೂ ಇದೆ. ಜೇಬಿನಲ್ಲಿ ಇಲ್ಲದ್ದು ಕಣ್ಣ ಮುಂದೆ ಬಂದರೆ ಕಾಲು ನಿಲ್ಲುತ್ತದೆ.

ನಮ್ಮ ಕಡೆ ಅಂಥದ್ದಕ್ಕೆ ಬರವಿಲ್ಲ. ತುಮಕೂರಿನ ಸುತ್ತ ವೀರಗಾಸೆ, ಅರೆವಾದ್ಯ, ಮೂಡಲಪಾಯ ಬಯಲಾಟ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ತಮಟೆ, ಸೊಂಟಕ್ಕೆ ಕುದುರೆ ಗೊಂಬೆ ಕಟ್ಟಿ ಕುಣಿಯುವ ಕೀಲುಕುದುರೆ, ಕೇಳಿಕೆ ಅನ್ನುವ ಬಯಲು ನಾಟಕ. ತಮಟೆ ಅಂದರೆ ಮೂಗು ಮುರಿಯುವವರು ಇನ್ನೂ ಇದ್ದಾರೆ. ಅವರಿಗೆ ಹೇಳಿ, ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ತಮಟೆಗೇ.

ಯಾವುದು ಎಲ್ಲಿಗೆ ಹೊಂದುತ್ತದೆ ಅನ್ನುವುದು ಮುಖ್ಯ. ಗಾರುಡಿ ಗೊಂಬೆ, ಕೀಲುಕುದುರೆ, ಮರಗಾಲು, ಹಗಲುವೇಷ, ಇವೆಲ್ಲ ನಡೆಯುವ ಕಲೆಗಳು. ವೇದಿಕೆ ಹತ್ತಿಸಿದರೆ ಸತ್ತುಹೋಗುತ್ತವೆ. ಇವನ್ನು ಅಂಗಡಿ ಬೀದಿಗೆ ಬಿಡಬೇಕು. ದೊಡ್ಡ ಗೊಂಬೆ ಜನರ ತಲೆ ಮೇಲೆ ಒಂದಾಳು ಎತ್ತರಕ್ಕೆ ಕಾಣುತ್ತದೆ, ಅದಕ್ಕಿಂತ ಒಳ್ಳೆ ಬ್ಯಾನರ್ ಯಾವ ಫ್ಲೆಕ್ಸ್ ಅಂಗಡಿಯವನೂ ಮಾಡಿಕೊಡಲಾರ. ಗುಡಿ ಬಾಗಿಲಿನಿಂದ ಹೊರಟು, ಅಂಗಡಿ ಸಾಲು ಸುತ್ತಿ, ಸುಣ್ಣದ ಗೆರೆಯೊಳಗೆ ಬಂದು ನಿಂತರೆ ಹಿಂದೆ ನೂರು ಮಕ್ಕಳು ಇರುತ್ತಾರೆ. ಮಕ್ಕಳ ಹಿಂದೆ ಅವರ ಅಮ್ಮಂದಿರು. ವೀರಗಾಸೆ, ತಮಟೆ, ಡೊಳ್ಳು ಗೆರೆಯೊಳಗಿನ ಕಲೆ. ನಾಟಕ, ಹಾಡು, ಹರಿಕಥೆ ವೇದಿಕೆಗೆ.

ಒಂದು ಎಚ್ಚರಿಕೆ. ಸೋಮನ ಕುಣಿತದಂಥವು ಗ್ರಾಮದೇವತೆಯ ಸೇವೆ. ಅದನ್ನು "ಐದು ನಿಮಿಷ ಐಟಂ" ಅಂತ ಕೇಳಬೇಡಿ. ಸೋಮನ ಮುಖವಾಡ ಹೊರುವವರನ್ನೂ ದೇವಿಯ ಪದ ಹಾಡುವ ಅಸಾದಿಯವರನ್ನೂ ಕೂರಿಸಿಕೊಂಡು, ಎಲ್ಲಿ ಕುಣಿಯಬಹುದು, ಎಲ್ಲಿ ಬೇಡ ಅಂತ ಅವರ ಬಾಯಲ್ಲೇ ಕೇಳಿ. ಬೇಡ ಅಂದರೆ ಅಲ್ಲಿಗೆ ಬಿಡಿ.

ತಂಡಗಳು ಗೊತ್ತಿಲ್ಲದಿದ್ದರೆ ಜಿಲ್ಲಾ ಕೇಂದ್ರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಯಲ್ಲಿ ಕೇಳಿ. ಅದಕ್ಕಿಂತ ಒಳ್ಳೆ ದಾರಿ ಪಕ್ಕದ ಹೋಬಳಿಯ ಜಾತ್ರೆಗೆ ಹೋಗಿ ಕಣ್ಣಾರೆ ನೋಡುವುದು. ವಿಡಿಯೋ ನೋಡಿ ಒಪ್ಪಿಕೊಳ್ಳಬೇಡಿ. ವಿಡಿಯೋದಲ್ಲಿ ಹನ್ನೆರಡು ಜನ ಕುಣಿದವರು ಜಾತ್ರೆಗೆ ಐದು ಜನ ಬಂದಿಳಿದದ್ದನ್ನು ನೋಡಿದ್ದೇನೆ.

ಒಪ್ಪಂದವಾದ ಮೇಲೆ ವೀಳ್ಯ ಕೊಡಿ. ಎಲೆ ಅಡಿಕೆ ಜೊತೆ ಮುಂಗಡ. ಫೋನ್‌ನಲ್ಲಿ ದುಡ್ಡು ಹಾಕಿದರೂ ಸರಿ, ಒಬ್ಬರು ಮನೆಗೆ ಹೋಗಿ ಕೊಟ್ಟು ಬಂದರೆ ಆ ತಂಡ ಕೈಕೊಡುವುದಿಲ್ಲ. ಎಷ್ಟು ಜನ ಬರುತ್ತಾರೆ, ಎಷ್ಟು ನಿಮಿಷ, ಬಸ್ಸೋ ಟೆಂಪೋವೋ, ಬಾಡಿಗೆ ಯಾರದ್ದು, ಬಾಕಿ ದುಡ್ಡು ಯಾವಾಗ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಬಾಕಿ ಅದೇ ರಾತ್ರಿ, ಅವರು ವೇಷ ಬಿಚ್ಚುವ ಮುಂಚೆ ಕೈಗೆ ಬರಬೇಕು.

ಕಲಾವಿದರಿಗೆ ಏನು ಬೇಕು? ಬಾಗಿಲು ಹಾಕುವ ಒಂದು ಕೋಣೆ, ಶಾಲೆ ಕೋಣೆಯಾದರೂ ಸಾಕು. ಕನ್ನಡಿ, ಪ್ರಕಾಶಮಾನವಾದ ಬಲ್ಬು, ಎರಡು ಬಕೆಟ್ ನೀರು, ಹೆಣ್ಣುಮಕ್ಕಳಿಗೆ ಬೀಗ ಇರುವ ಶೌಚಾಲಯ. ಊಟ ಕುಣಿಯುವ ಎರಡು ಗಂಟೆ ಮುಂಚೆ ಒಮ್ಮೆ ಸ್ವಲ್ಪ, ಮುಗಿದ ಮೇಲೆ ಹೊಟ್ಟೆ ತುಂಬ.

ತಮಟೆಯವರಿಗೆ ಇನ್ನೊಂದು ಬೇಕು. ಬೆಂಕಿ. ಚರ್ಮದ ತಮಟೆ ಮಂಜಿಗೆ ಸಡಿಲವಾಗುತ್ತದೆ. ಆಗ ಬಾರಿಸಿದರೆ ಒದ್ದೆ ಗೋಣಿಗೆ ಹೊಡೆದ ಹಾಗೆ ದಬ್ ದಬ್ ಅನ್ನುತ್ತದೆ. ಒಣಹುಲ್ಲು ಹಚ್ಚಿ, ತಮಟೆಯನ್ನು ಉರಿಯ ಮುಂದೆ ಹಿಡಿದು ತಿರುಗಿಸುತ್ತಾರೆ. ನಡುನಡುವೆ ಬೆರಳಲ್ಲಿ ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಸದ್ದು ನಿಧಾನಕ್ಕೆ ಏರುತ್ತಾ ಏರುತ್ತಾ ಒಂದು ಹಂತದಲ್ಲಿ ಟಣ್ ಅನ್ನುತ್ತದೆ. ಅಲ್ಲಿ ನಿಲ್ಲಿಸಬೇಕು, ಇನ್ನೂ ಕಾಯಿಸಿದರೆ ಚರ್ಮ ಬಿರಿಯುತ್ತದೆ. ಒಂದು ವರ್ಷ ನಾವು ಹುಲ್ಲೂ ಕೊಡಲಿಲ್ಲ, ಜಾಗವೂ ತೋರಿಸಲಿಲ್ಲ. ಅವರು ಶಾಮಿಯಾನದ ಹಿಂದೆಯೇ ಕಾಗದ ಹಚ್ಚಿದರು. ಒಂದು ಕಿಡಿ ಪರದೆಗೆ ಹಾರಿತು. ಪುಣ್ಯಕ್ಕೆ ಕೈಯಳತೆಯಲ್ಲಿ ನೀರಿತ್ತು. ತಪ್ಪು ಅವರದಲ್ಲ, ನಮ್ಮದು. ಈಗ ಶಾಮಿಯಾನದಿಂದ 50 ಅಡಿ ಆಚೆ, ಗಾಳಿ ಬೀಸುವ ದಿಕ್ಕು ನೋಡಿಕೊಂಡು, ಒಂದು ಹೊರೆ ಹುಲ್ಲು, ಪಕ್ಕದಲ್ಲಿ ಒಂದು ಡ್ರಮ್ ನೀರು, ಒಂದು ಬುಟ್ಟಿ ಮರಳು ಇಡುತ್ತೇವೆ. ತಮಟೆ ಕಾಯಿಸುವುದನ್ನು ನೋಡಲೇ ಹುಡುಗರು ಸೇರುತ್ತಾರೆ. ಕಾರ್ಯಕ್ರಮ ಅಲ್ಲಿಂದಲೇ ಶುರುವಾದಂತೆ.

ಸಾಲು ಜೋಡಿಸುವುದು

ಜನ ಎದ್ದು ಹೋಗುವುದು ಕೆಟ್ಟ ಕಾರ್ಯಕ್ರಮದಲ್ಲಿ ಅಲ್ಲ, ಎರಡು ಕಾರ್ಯಕ್ರಮದ ನಡುವೆ. ಒಂದು ಮುಗಿಯಿತು, ಇನ್ನೊಂದಕ್ಕೆ ಮೈಕ್ ಜೋಡಿಸುತ್ತಿದ್ದಾರೆ, "ಹಲೋ ಹಲೋ, ಚೆಕ್ ಚೆಕ್". ಮೂರು ನಿಮಿಷ ಕಾದವರು ನಾಲ್ಕನೇ ನಿಮಿಷಕ್ಕೆ ಕಡ್ಲೆಪುರಿ ಅಂಗಡಿಯಲ್ಲಿರುತ್ತಾರೆ.

ಗೆರೆಯೊಳಗಿನ ಸುತ್ತು ಈಗ ಕೆಲಸಕ್ಕೆ ಬರುತ್ತದೆ. ಕೆಳಗೆ ಕುಣಿತ ನಡೆಯುವಾಗ ಮೇಲೆ ಪರದೆ ಹಿಂದೆ ಜೋಡಣೆ. ಮೇಲೆ ಹಾಡು ನಡೆಯುವಾಗ ಕೆಳಗೆ ಮುಂದಿನ ತಂಡ ತಯಾರಿ. ಹೋದ ವರ್ಷ ನಾವು ಮಾಡಿದ್ದು ಹೀಗೆ. ಆರೂಮುಕ್ಕಾಲಿಗೆ ಸುತ್ತಿನಲ್ಲಿ ಹದಿನೈದು ನಿಮಿಷ ತಮಟೆ, ಮೈಕ್ ಇಲ್ಲದೆ. ಏಳಕ್ಕೆ ಗುಡಿ ಮುಂದಿನಿಂದ ಗೊಂಬೆ, ಕೀಲುಕುದುರೆಯ ರಾಜ ರಾಣಿ ಹೊರಟು ಏಳೂಕಾಲಿಗೆ ಸುತ್ತಿಗೆ ಬಂದವು. ಆಮೇಲೆ ಇಪ್ಪತ್ತು ನಿಮಿಷ ವೀರಗಾಸೆ. ಕುಣಿತದ ನಡುವೆ ವೀರಭದ್ರನ ಒಡಪು ಹೇಳುವವರು ಗಟ್ಟಿ ಗಂಟಲಿನವರಾಗಿದ್ದರು, ಕತ್ತಿ ಝಳಪಿಸಿ "ಅಹಹಾ ರುದ್ರಾ" ಅಂದಾಗ ಜಿಲೇಬಿ ಅಂಗಡಿಯವನೂ ಜಾಲರಿ ಕೆಳಗಿಟ್ಟು ತಿರುಗಿ ನೋಡಿದ. ಅದು ಮುಗಿದ ಕ್ಷಣವೇ ಪರದೆ ಎದ್ದು ಶಾಲೆ ಮಕ್ಕಳ ಮೂರು ನೃತ್ಯ. ಐದು ನಿಮಿಷ ಸನ್ಮಾನ. ಎಂಟಕ್ಕೆ ನಾಟಕದ ಆಯ್ದ ದೃಶ್ಯಗಳು. ಒಂಬತ್ತಕ್ಕೆ ಹಾಡು. ಒಂಬತ್ತು ಐವತ್ತಕ್ಕೆ ಮಂಗಳ.

ಸನ್ಮಾನ ಐದು ನಿಮಿಷ ಅಂದೆ. ಓದಿ ನಕ್ಕಿರಬೇಕು ನೀವು. ಶಾಲು, ಹಾರ, ಪೇಟ, ನೆನಪಿನ ಕಾಣಿಕೆ, ಅದಕ್ಕೊಂದು ಫೋಟೋ, ಫೋಟೋಗೆ ಅಡ್ಡ ಬಂದವರನ್ನು ಸರಿಸಿ ಇನ್ನೊಂದು ಫೋಟೋ. ಒಮ್ಮೆ ನಮ್ಮಲ್ಲಿ 23 ಜನಕ್ಕೆ ಸನ್ಮಾನವಾಯಿತು. ಗಣ್ಯರೊಬ್ಬರು ಬರುವುದು ತಡ ಅಂತ ವೀರಗಾಸೆಯವರನ್ನು ವೇಷದಲ್ಲೇ ಒಂದೂವರೆ ಗಂಟೆ ನಿಲ್ಲಿಸಿದೆವು. ಅವರಲ್ಲೊಬ್ಬ ಹುಡುಗ ಗೋಡೆಗೆ ಒರಗಿ ನಿದ್ದೆ ಹೋಗಿದ್ದ. ಗಣ್ಯರು ಬಂದು ಮಾತಾಡಿ ಹೋಗುವಷ್ಟರಲ್ಲಿ ಕುಣಿತ ನೋಡಲು ಇದ್ದವರು ಅವನ ಅಪ್ಪ ಮತ್ತು ನಾವು.

ಸನ್ಮಾನ ತಪ್ಪಿಸಲಾಗುವುದಿಲ್ಲ, ದುಡ್ಡು ಕೊಟ್ಟವರನ್ನು ನೆನೆಯಲೇಬೇಕು. ಒಂದೇ ಕಡೆ ರಾಶಿ ಹಾಕಬೇಡಿ ಅಷ್ಟೇ. ಒಂದು ಬಿಡುವಿಗೆ ಮೂವರಂತೆ ಹಂಚಿ. ಗಣ್ಯರು ತಡವಾದರೆ ಕಾಯಬೇಡಿ, ಬಂದಾಗ ನಡೆಯುತ್ತಿರುವ ಕುಣಿತದ ಮುಂದೆ ಕೂರಿಸಿ. ತುಂಬಿದ ಸುತ್ತಿನ ಮುಂದೆ ಮಾತಾಡುವುದು ಅವರಿಗೂ ಇಷ್ಟವೇ.

ಮೈಕು ಯಾರ ಕೈಗೆ

ನಿರೂಪಣೆಗೆ ಒಳ್ಳೆ ಕನ್ನಡ ಮೇಷ್ಟ್ರನ್ನು ಹಿಡಿಯುವುದು ರೂಢಿ. ಅವರು ಪ್ರತಿ ಕಲೆಗೂ ಪೀಠಿಕೆ ಹಾಕುತ್ತಾರೆ. ಸುತ್ತಿನ ನಡುವೆ ಬೇಕಾದದ್ದು ಪೀಠಿಕೆಯಲ್ಲ, ಕೋಡಂಗಿ.

ಮೂಡಲಪಾಯ ನೋಡಿದ್ದರೆ ನಿಮಗೆ ಗೊತ್ತು. ರಾಜ ಬರುವ ಮುಂಚೆ ಕೋಡಂಗಿ ಬಂದು ಜನರನ್ನು ನಗಿಸಿ ಕೂರಿಸುತ್ತಾನೆ. ರಾಜ ಬಂದ ಮೇಲೆ ಸಾರಥಿ "ಯಾರು ನೀವು, ಯಾವ ದೇಶದವರು, ಬಂದ ಕಾರಣವೇನು" ಅಂತ ಕೇಳುತ್ತಾನೆ. ನೋಡುವವರ ಮನಸ್ಸಿನಲ್ಲಿರುವ ಪ್ರಶ್ನೆಯೇ ಅದು. ನಿಮ್ಮ ನಿರೂಪಕನೂ ಅದನ್ನೇ ಮಾಡಲಿ. ಮೈಕ್ ಹಿಡಿದು ಕೆಳಗಿಳಿಯಲಿ. ಕೀಲುಕುದುರೆಯವನನ್ನು "ಕುದುರೆಗೆ ಹುರುಳಿ ಹಾಕಿದ್ರಾ?" ಅಂತ ಕೇಳಲಿ. ವೀರಗಾಸೆಯವರಿಗೆ "ಈ ಕತ್ತಿ ಎಷ್ಟು ತೂಕ ಇದೆ, ನಮ್ಮೂರ ಹುಡುಗ ಒಬ್ಬ ಎತ್ತಿ ನೋಡಲಾ?" ಅನ್ನಲಿ. ಎರಡು ಪ್ರಶ್ನೆ, ಒಂದು ನಗು, ಶುರು. ಕಲೆಯ ಇತಿಹಾಸ ಕೊನೆಯಲ್ಲಿ ಒಂದು ಮಾತು ಸಾಕು. ಕುಣಿತ ನೋಡಿದ ಮೇಲೆ ಜನಕ್ಕೆ ಅದು ಏನು ಅಂತ ತಿಳಿಯುವ ಆಸೆ ಇರುತ್ತದೆ, ಮುಂಚೆ ಇರುವುದಿಲ್ಲ.

"ದಯವಿಟ್ಟು ಎಲ್ಲರೂ ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ" ಅಂತ ಹೇಳಬೇಡಿ. ಖಾಲಿ ಇದೆ ಅಂತ ಡಂಗುರ ಸಾರಿದ ಹಾಗೆ. ಕುರ್ಚಿ 150 ಸಾಕು, ಹಿರಿಯರಿಗೆ. ಮುಂದೆ ಟಾರ್ಪಾಲ್ ಹಾಸಿ ಮಕ್ಕಳನ್ನು ಕೂರಿಸಿ. ಉಳಿದವರು ನಿಲ್ಲಲಿ. ತುಂಬಿದ್ದು ಕಂಡರೆ ಇನ್ನಷ್ಟು ತುಂಬುತ್ತದೆ.

ಕೋಲಾರ, ಬಾಗೇಪಲ್ಲಿ ಕಡೆಯವರಿಗೆ ಒಂದು ಮಾತು. ನಿಮ್ಮಲ್ಲಿ ತುಂಬಾ ಜನ ಮನೆಯಲ್ಲಿ ತೆಲುಗು ಮಾತಾಡುತ್ತಾರೆ. ಕನ್ನಡದಲ್ಲಿ ನಡೆಸುತ್ತಲೇ ನಗೆಮಾತನ್ನು ತೆಲುಗಿನಲ್ಲಿ ಎಸೆಯಬಲ್ಲವನು ಸಿಕ್ಕಿದರೆ ಬಿಡಬೇಡಿ. ಅಕ್ಕನ ಊರಿನ ಜಾತ್ರೆಯಲ್ಲಿ ಒಬ್ಬ ಟೈಲರ್ ಈ ಕೆಲಸ ಮಾಡುತ್ತಾನೆ. ಒಂದು ವಾಕ್ಯದಲ್ಲಿ ಎರಡು ಭಾಷೆ, ಮೂರು ಜನಕ್ಕೆ ಕಾಲೆಳೆತ. ದುಬಾರಿ ನಿರೂಪಕರು ಅವನ ಕಾಲಡಿ ನುಸುಳಬೇಕು.

ಊರಿನವರೇ ಕುಣಿಯಲಿ

ಪೌರಾಣಿಕ ನಾಟಕ ನಮ್ಮ ತುಮಕೂರು ಕಡೆ ಯಾಕೆ ಇನ್ನೂ ಉಸಿರಾಡುತ್ತಿದೆ? ಕುರುಕ್ಷೇತ್ರ ಅಂದರೆ ಇಪ್ಪತ್ತಕ್ಕೂ ಹೆಚ್ಚು ಪಾತ್ರ. ಭೀಮ ನಮ್ಮೂರ ಗೊಬ್ಬರದಂಗಡಿಯವನು, ಶಕುನಿ ನಿವೃತ್ತ ಕಂಡಕ್ಟರ್. ಒಂದೊಂದು ಪಾತ್ರಕ್ಕೆ ಹೆಂಡತಿ ಮಕ್ಕಳು, ಬೀಗರು, ಜೊತೆಗೆ "ಇವನೇನು ಹಾಡ್ತಾನೆ ನೋಡೋಣ" ಅನ್ನುವ ದಾಯಾದಿಗಳು. ಒಬ್ಬನಿಗೆ ಹತ್ತು ಜನ ಅಂದರೂ ಇನ್ನೂರು ಜನ ಆಗಲೇ ಬಂದಾಯಿತು. ಪಾತ್ರಧಾರಿಗಳೇ ದುಡ್ಡು ಹಾಕಿ ಸೀನರಿ, ಡ್ರೆಸ್ಸು, ಹಾರ್ಮೋನಿಯಂ ಮೇಷ್ಟ್ರ ಖರ್ಚು ನೋಡಿಕೊಳ್ಳುತ್ತಾರೆ. 1884ರಲ್ಲಿ ನಮ್ಮ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಮುಂದೆ ಗುಬ್ಬಿ ವೀರಣ್ಣನವರ ಕಾಲದಲ್ಲಿ ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಯನ್ನೇ ರಂಗಕ್ಕೆ ತಂದಿತ್ತು. ನಮಗೆ ಆನೆ ತರುವ ಶಕ್ತಿ ಇಲ್ಲ, ಬೇಡವೂ ಬೇಡ. ಗೊಬ್ಬರದಂಗಡಿಯ ಭೀಮ ಸಾಕು.

ತಾಲೀಮಿಗೆ ಎರಡು ಮೂರು ತಿಂಗಳು ಬೇಕು, ದೀಪಾವಳಿ ಕಳೆದ ಕೂಡಲೇ ಶುರು ಮಾಡಿ. ಅಷ್ಟು ಆಗದಿದ್ದರೆ ಮಕ್ಕಳ ಮೂರು ನೃತ್ಯ, ಮಹಿಳಾ ಸಂಘದವರ ಸೋಬಾನೆ ಪದ, ಒಂದು ಕೋಲಾಟ. ಕೋಲಾಟ ಸುತ್ತಿನಲ್ಲೇ ಇರಲಿ. ಕೊನೆಯ ಹತ್ತು ನಿಮಿಷ ನೋಡುವವರಿಗೂ ಕೋಲು ಕೊಡಿ. ಐವತ್ತು ಜೊತೆ ಹೆಚ್ಚುವರಿ ಕೋಲು ಮಾಡಿಸಿಡಲು ಬಡಗಿಗೆ ಮೊದಲೇ ಹೇಳಿ.

ಸದ್ದು, ಕರೆಂಟು, ಅನುಮತಿ

ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು. ಪೊಲೀಸ್ ಠಾಣೆಯಲ್ಲಿ ಅರ್ಜಿ ಕೊಟ್ಟು, ಸಹಿ ಆದ ಪ್ರತಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಹಬ್ಬ ಉತ್ಸವಕ್ಕೆ ಅಂತ, 12ರವರೆಗೆ ಸಡಿಲ ಕೊಡಬಹುದು. ನಿಮ್ಮ ಜಾತ್ರೆ ಅದರಲ್ಲಿ ಇದೆಯಾ ಅಂತ ಮೊದಲೇ ಕೇಳಿ, "ಪ್ರತಿ ವರ್ಷ ಮಾಡ್ತೀವಲ್ಲ ಸಾರ್" ಅನ್ನುವುದು ಉತ್ತರ ಅಲ್ಲ. ಸಾರ್ವಜನಿಕ ಜಾಗದ ಗಡಿಯಲ್ಲಿ ಸದ್ದು ಹೆಚ್ಚೆಂದರೂ 75 ಡೆಸಿಬಲ್ ಮೀರಬಾರದು, ಪ್ರದೇಶ ನೋಡಿ ಮಿತಿ ಇನ್ನೂ ಕಡಿಮೆ ಇರಬಹುದು. ಆಸ್ಪತ್ರೆ, ಶಾಲೆ, ಕೋರ್ಟು ಸುತ್ತ 100 ಮೀಟರ್ ಮೌನ ವಲಯ. ಬೆಳಗಿನ ತನಕ ನಾಟಕ ಆಡುತ್ತಿದ್ದ ಕಾಲಕ್ಕೆ ಹೋಲಿಸಿದರೆ ಬೇಜಾರೇ. ಅದಕ್ಕೇ ನಾವು ಇಡೀ ನಾಟಕ ಬಿಟ್ಟು ಆಯ್ದ ದೃಶ್ಯಕ್ಕೆ ಬಂದದ್ದು. ನಿಜ ಹೇಳಬೇಕೆಂದರೆ ಸಂಧಾನದ ದೃಶ್ಯಕ್ಕೆ ಎಲ್ಲರೂ ಎಚ್ಚರವಾಗಿರುವುದು ಇದೇ ಮೊದಲು.

ಸ್ಪೀಕರ್ ವಿಷಯದಲ್ಲಿ ಒಂದು ಸಣ್ಣ ಲೆಕ್ಕ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯಿಂದ 34 ಮೀಟರ್ ಹಿಂದೆ ಇನ್ನೊಂದು ಜೊತೆ ಸ್ಪೀಕರ್ ಇಟ್ಟರೆ, ಮುಂದಿನದರ ಸದ್ದು ಅಲ್ಲಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಬರುತ್ತದೆ. ಎರಡೂ ಸೇರಿ ಮಾತು ಕಲಸಿಹೋಗುತ್ತದೆ. ಹಿಂದಿನ ಸ್ಪೀಕರಿಗೆ ಅಷ್ಟು ತಡ ಹಾಕಲು ಸೌಂಡಿನವರಿಗೆ ಹೇಳಿ. ಮಿಕ್ಸರ್‌ನಲ್ಲಿ ಅದಕ್ಕೆ ಡಿಲೇ ಅನ್ನುತ್ತಾರೆ. ನಿಮ್ಮ ಸೌಂಡಿನವರು "ಏನಾಗಲ್ಲ ಬಿಡಿ ಅಣ್ಣ" ಅಂದರೆ ಹಿಂದೆ ಹೋಗಿ ಕೇಳಿ ನೋಡಿ, ಅವರನ್ನೂ ಕರೆದುಕೊಂಡು ಹೋಗಿ.

ಕರೆಂಟಿಗೆ ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ, ಕಂಬಕ್ಕೆ ಕೊಕ್ಕೆ ಹಾಕಬೇಡಿ. ಜೊತೆಗೆ ಜನರೇಟರ್. 25 ಕೆವಿಎ ಅಂದರೆ ಸುಮಾರು 20 ಕಿಲೋವ್ಯಾಟ್, ಅದರಲ್ಲಿ 14–15ಕ್ಕಿಂತ ಜಾಸ್ತಿ ಹೇರಬೇಡಿ. ಸೌಂಡು, ಲೈಟು ಸೇರಿಸಿ ಎಷ್ಟಾಗುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ಒಂದು ವರ್ಷ ನಮ್ಮ ಜನರೇಟರ್ ಸರಿಯಾಗಿ ದ್ರೌಪದಿ ಪ್ರವೇಶಕ್ಕೆ ನಿಂತುಹೋಯಿತು. ಡೀಸೆಲ್ ಖಾಲಿ. ತಂದವನು ಅರ್ಧ ಟ್ಯಾಂಕ್ ಹಾಕಿಕೊಂಡು ಬಂದಿದ್ದ, ನಾವು ನೋಡಿರಲಿಲ್ಲ. ಕತ್ತಲಲ್ಲಿ ತಮಟೆಯವರು ಎದ್ದು ಬಾರಿಸಲು ಶುರು ಮಾಡಿದರು, ಜನ ಮೊಬೈಲ್ ಲೈಟ್ ಹಚ್ಚಿದರು. ಹದಿನೆಂಟು ನಿಮಿಷ. ಒಬ್ಬರೂ ಎದ್ದು ಹೋಗಲಿಲ್ಲ. ಆಮೇಲಿಂದ ಕಾರ್ಯಕ್ರಮ ಎಷ್ಟು ಹೊತ್ತಿಗಿದ್ದರೂ ಒಂದು ತಮಟೆ ತಂಡವನ್ನು ಕೊನೆಯವರೆಗೆ ಇಟ್ಟುಕೊಂಡಿರುತ್ತೇವೆ.

ವೈರುಗಳನ್ನು ನೆಲದಲ್ಲಿ ಹೂತು ಅಥವಾ ಮೇಲೆ ಕಟ್ಟಿ, ಜನ ತುಳಿಯುವ ಕಡೆ ಬಿಡಬೇಡಿ. ಸುತ್ತಿಗೆ ಎರಡು ಕಡೆ ಆರಡಿ ದಾರಿ ಖಾಲಿ ಇರಲಿ, ಅದರಲ್ಲಿ ಬೈಕು ನಿಲ್ಲದಂತೆ ಇಬ್ಬರು ಹುಡುಗರನ್ನು ನಿಲ್ಲಿಸಿ. ಕುಡಿಯುವ ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ. 108 ಮತ್ತು 112 ಎರಡನ್ನೂ ವೇದಿಕೆ ಪಕ್ಕದಲ್ಲಿ ದೊಡ್ಡದಾಗಿ ಬರೆಸಿ. ಮಕ್ಕಳು ಕಳೆದುಹೋದರೆ ಎಲ್ಲಿಗೆ ಬರಬೇಕು ಅಂತ ಶುರುವಿನಲ್ಲೇ ಒಮ್ಮೆ ಮೈಕಿನಲ್ಲಿ ಹೇಳಿಸಿ.

ಮುಗಿದ ಮೇಲೆ

ಹತ್ತು ಗಂಟೆಗೆ ಸೌಂಡ್ ಬಂದ್. ತಂಡಗಳಿಗೆ ಬಾಕಿ ಕೊಡಿ, ಊಟಕ್ಕೆ ನೀವೂ ಜೊತೆಗೆ ಕೂತುಕೊಳ್ಳಿ. ಊಟದ ನಡುವೆ ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ನೆಲ ಗಟ್ಟಿ ಇತ್ತು, ಗೆಜ್ಜೆ ಕಾಲಿಗೆ ಕಲ್ಲು ಚುಚ್ಚಿತು, ಲೈಟು ಕಣ್ಣಿಗೆ ನೇರ ಬಿತ್ತು, ಹೀಗೆ. ನಮ್ಮ ಕಮಿಟಿಯಲ್ಲಿ ಒಂದು ಉದ್ದ ನೋಟ್‌ಬುಕ್ ಇದೆ. ಅದರಲ್ಲಿ ಅದೇ ರಾತ್ರಿ ಬರೆಯುತ್ತೇವೆ. ಎಷ್ಟು ಗಂಟೆಗೆ ಸುತ್ತು ತುಂಬಿತು, ಯಾವಾಗ ಚದುರಿತು, ಯಾವ ತಂಡ, ಎಷ್ಟು ಜನ ಬಂದರು, ಅವರ ಫೋನ್ ನಂಬರ್. ಹೋದ ವರ್ಷದ ಪುಟದ ಕೊನೆಗೆ ಇಷ್ಟಿದೆ: "ತಮಟೆಗೆ ಹುಲ್ಲು ಒಂದು ಹೊರೆ ಸಾಲಲಿಲ್ಲ. ಮುಂದಿನ ಸಲ ಎರಡು."